ಡಾಕ್ಟರ್ ಬಡಿಯದ ಬಾಗಿಲು

ಗಬ್ಬೂರ ಬೈಪಾಸಿನ ಗ್ಯಾರೇಜಿನಿಂದ ಇಕ್ಬಾಲ ಹೊರಬಿದ್ದಾಗ ರಾತ್ರಿ ಬಹಳವೇ ಆಗಿತ್ತು. ಹೋದ ವರ್ಷದ ರಂಜಾನಿನ ಮೊದಲ ಸಹರಿಯ ರಾತ್ರಿ ಅದು. ಬೆಳಗಾಗುವ ಮೊದಲು ಮನೆಗೆ ಹೋಗಿ ಸಹರಿ ಉಂಡು, ಉಪವಾಸದ ರೋಜಾ ಹಿಡಿಯಬೇಕು. ಲಾರಿಯೊಂದರ ರಿಪೇರಿ ಅವನನ್ನು ಹಿಡಿದು ಕೂಡಿಸಿತ್ತು. ಅವನ ಸ್ವಂತ ಬೈಕು ತಿಂಗಳಿಂದ ಗ್ಯಾರೇಜಿನ ಮೂಲೆಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಮೆಕ್ಯಾನಿಕನ ಬೈಕು ಯಾವಾಗ ನೆಟ್ಟಗಿರುತ್ತದೆ? ನಡೆದೇ ಹೊರಟ.

ನಮ್ಮ ಓಣಿಗೆ ತಿರುಗುವಲ್ಲಿ ಒಂದು ಹಾಳು ಬಾವಿ. ಅದರ ಮೇಲೆ ಬಾಗಿದ ಆಲದ ಮರ. ಅಲ್ಲಿ ಬೀದಿದೀಪ ಹತ್ತುವುದಿಲ್ಲ. ಬಾವಿ ಹತ್ತಿರ ಬಂದಾಗ ಇಕ್ಬಾಲನಿಗೆ ಹಿಂದಿನಿಂದ ಸದ್ದು ಕೇಳಿಸಿತು.

ಚಪ್… ಟಿಕ್. ಚಪ್… ಟಿಕ್.

ಚಪ್ ಅನ್ನುವುದು ಅವನ ಚಪ್ಪಲಿ. ಟಿಕ್ ಯಾರದು?

ನಿಂತ. ಅದೂ ನಿಂತಿತು. ಹಿಂದೆ ನೋಡಿದ. ಯಾರೂ ಇಲ್ಲ. ಮತ್ತೆ ಹೆಜ್ಜೆ ಇಟ್ಟ… ಟಿಕ್. ಕೋಲು ಊರಿಕೊಂಡು ಯಾರೋ ಬೆನ್ನಿಗೇ ಬರುತ್ತಿರುವ ಹಾಗೆ.

"ಯಾರ್ರೀ?" ಅಂದ, ಪಿಸುದನಿಯಲ್ಲಿ.

ಬಾವಿಯೊಳಗೆ ಏನೋ ನೀರಿಗೆ ಬಿತ್ತು. ಬುಳಕ್.

ಇಕ್ಬಾಲ ಓಡಿದ. ಟಿಕ್ ಕೂಡ ಓಡಿತು. ಓಣಿಯ ಬಾಯಿಗೆ ಬಂದು ಗೋಡೆಗೆ ಒರಗಿ ಉಸಿರು ತೆಗೆದುಕೊಂಡ. ಆಗ ಓಣಿಯ ಒಳಗಿನಿಂದ ಬೇರೆಯೇ ಒಂದು ಸದ್ದು ಬಂತು.

ದಬ್… ದಬ್.

ಇಲ್ಲಿ ನಾನು ಕತೆ ನಿಲ್ಲಿಸಲೇಬೇಕು. ಆ ಸದ್ದು ಯಾರದೆಂದು ತಿಳಿಯದಿದ್ದರೆ ಮುಂದಿನದು ನಿಮಗೆ ಹತ್ತುವುದಿಲ್ಲ.

ಅದು ನನ್ನ ತಮ್ಮ ಡಾಕ್ಟರ್ ಕಮರುದ್ದೀನನ ಬಡಿತ. ಕಮರುದ್ದೀನ ಆ ಚಳಿಗಾಲದಲ್ಲೇ ತೀರಿಕೊಂಡಿದ್ದ. ಅಮ್ಮಿನಬಾವಿಯಲ್ಲಿ ಬಡವರಿಗೆ ಪುಕ್ಕಟೆ ಔಷಧ ಕೊಟ್ಟು ತಿರುಗಿ ಬರುವಾಗ, ಬಸ್ಸಿನಲ್ಲಿ, ಔಷಧದ ಚೀಲ ತೊಡೆಯ ಮೇಲಿಟ್ಟುಕೊಂಡೇ ಹೋದ. ಕಂಡಕ್ಟರ್ ಪಾಪ, ನಿದ್ದೆ ಹತ್ತಿದೆ ಅಂದುಕೊಂಡು ಸದ್ದು ಮಾಡದೆ ಟಿಕೇಟು ಹರಿದನಂತೆ.

ನನ್ನ ಹೆಸರು ಮೈಮುನಾ. ಧಾರವಾಡದ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ನಮ್ಮ ಮನೆತನದ ಹುಟ್ಟು, ಮದುವೆ, ಸಾವು ಎಲ್ಲಕ್ಕೂ ತಾರೀಖು ಇಟ್ಟವಳು ನಾನೇ. ಕಂಡದ್ದಕ್ಕೆ ಬಣ್ಣ ಹಚ್ಚುವುದು ನನ್ನ ರೂಢಿಯಲ್ಲ. ತಮ್ಮನನ್ನೂ ಇದ್ದ ಹಾಗೆ ಹೇಳುತ್ತೇನೆ. ಗಿಡ್ಡ ಆಳು. ಸಿಟ್ಟು ಬಹಳ. ರವಿವಾರ ಮಕ್ಕಳನ್ನು ಉಣಕಲ್ ಕೆರೆಗೆ ಕರೆದುಕೊಂಡು ಹೊರಡುತ್ತಿದ್ದ, ದಾರಿಯಲ್ಲಿ ಪೇಶಂಟ್‌ಗಳ ಮನೆ ಹೊಕ್ಕು ಹೊರಬರುತ್ತಿದ್ದ. ಅವನ ಮಗಳು ಉಜ್ಮಾ ಇವತ್ತಿಗೂ ಅನ್ನುತ್ತಾಳೆ, ಸಣ್ಣವಳಿದ್ದಾಗ ತಾನು ಉಣಕಲ್ ಕೆರೆಯನ್ನು ಹಗಲು ಹೊತ್ತಿನಲ್ಲಿ ನೋಡಿಯೇ ಇಲ್ಲ ಅಂತ. ಎಷ್ಟೇ ತಡವಾಗಲಿ, ಹೆಂಡತಿ ಮುಸರತಳ ಜೊತೆ ಕೂತೇ ಉಣ್ಣುತ್ತಿದ್ದ. ಆಕೆ ಮೊದಲೇ ಉಂಡಿದ್ದರೆ ಇನ್ನೊಮ್ಮೆ ಉಣ್ಣಬೇಕು, ಅಷ್ಟೇ.

ರಂಜಾನಿನಲ್ಲಿ ಓಣಿಯವರನ್ನು ಸಹರಿಗೆ ಎಬ್ಬಿಸುವ ಮುದುಕ ತೀರಿಕೊಂಡ ಮೇಲೆ ಆ ಕೆಲಸವನ್ನು ಕಮರುದ್ದೀನ ತಾನಾಗಿ ಹೊತ್ತುಕೊಂಡ. ಕೋಲಿನಿಂದ ಬಡಿದರೆ ಹಾಲುಗೂಸುಗಳು ಏಳುತ್ತವೆ ಅಂತ, ಮೊಣಕಾಲು ತಪಾಸು ಮಾಡುವ ರಬ್ಬರ್ ಸುತ್ತಿಗೆ ಹಿಡಿದು ಹೊರಡುತ್ತಿದ್ದ. ಓಣಿಯ ಮಕ್ಕಳಿಗೆಲ್ಲ ಆ ಸುತ್ತಿಗೆ ಗೊತ್ತು. ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿ ಮೊಣಕಾಲಿಗೆ ಮೆಲ್ಲಗೆ ಹೊಡೆಯುತ್ತಿದ್ದ. ಕಾಲು ತಾನಾಗಿ ಜಿಗಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಆದರೆ ಅವನು ಎಲ್ಲ ಬಾಗಿಲನ್ನೂ ಬಡಿಯುತ್ತಿರಲಿಲ್ಲ. ಯಾರು ರೋಜಾ ಇದ್ದರೆ ಜೀವಕ್ಕೆ ಅಪಾಯವೋ ಅವರ ಬಾಗಿಲನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ದಬ್ ದಬ್… ದಬ್ ದಬ್… ನಡುವೆ ಒಂದು ಮನೆಯಷ್ಟು ಮೌನ. ಡಾಕ್ಟರ್ ಬಾಗಿಲು ಬಿಟ್ಟರೆಂದರೆ ಮುಗಿಯಿತು, ಆ ಮನೆಯವರು ಮಲಗಬೇಕು. ಮಸೀದಿಯ ಹಿರಿಯರಾದ ಹಾಜಿಸಾಹೇಬರು ಒಮ್ಮೆ ಆಕ್ಷೇಪ ಎತ್ತಿದ್ದರು. ಜನರ ರೋಜಾ ತಪ್ಪಿಸಿದ್ದಕ್ಕೆ ಮೇಲೆ ಉತ್ತರ ಕೊಡಬೇಕಾಗುತ್ತದೆ ಅಂದಿದ್ದರು.

"ಬೀಮಾರಿ ಇದ್ದವರಿಗೆ ಮಾಫಿ ಕೊಟ್ಟಾಂವ ಮ್ಯಾಲಿನಾಂವನ ಅದಾನ. ಆದರೂ ಕೇಳಿದ್ರ, ಜವಾಬು ನಾ ಕೊಡ್ತೇನ್ರಿ," ಅಂದ ನನ್ನ ತಮ್ಮ. "ಅಲ್ಲಿ ಬಾಗಿಲಾ ಹಾಕಿದ್ರ ಅದನ್ನೂ ಬಡೀತೇನಿ."

ಅವನದು ಒಂದೇ ಕಟ್ಟುನಿಟ್ಟು. ತಪಾಸು ಮಾಡದೆ ಯಾರ ಬಾಗಿಲನ್ನೂ ಬಿಡುವುದಿಲ್ಲ. ಇಕ್ಬಾಲನ ವಿಷಯದಲ್ಲಿ ಇದೇ ಜಗಳ. ಇಕ್ಬಾಲನ ತಂದೆಗೆ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆದರು, ವರ್ಷ ತುಂಬುವುದರಲ್ಲಿ ಅವರೂ ಹೋದರು. ಅಂದಿನಿಂದ ಇಕ್ಬಾಲ ಸೂಜಿ ಕಂಡರೆ ಓಡುತ್ತಿದ್ದ. ಸೂಜಿ ಚುಚ್ಚಿದ ಮೇಲೇ ಸಕ್ಕರೆ ಬರುವುದು ಅಂತ ಅವನ ವಾದ. ಕಮರುದ್ದೀನ ಪ್ರತಿ ವರ್ಷ ಬೈಯುತ್ತಲೇ ಅವನ ಬಾಗಿಲು ಬಡಿಯುತ್ತಿದ್ದ.

ಈಗ ಕತೆಗೆ ಬರುತ್ತೇನೆ.

ಹೋದ ವರ್ಷ ಎಬ್ಬಿಸಲು ಯಾರೂ ಹೋಗುವುದು ಬೇಡ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಅಂತ ಮಸೀದಿಯಲ್ಲಿ ತೀರ್ಮಾನವಾಗಿತ್ತು. ಆದರೂ ಇಕ್ಬಾಲ ಓಣಿಯ ಬಾಯಲ್ಲಿ ನಿಂತು ಕೇಳಿದ. ದಬ್ ದಬ್. ಒಂದು ಮನೆಯ ದೀಪ ಹತ್ತಿತು. ದಬ್ ದಬ್. ಮುಂದಿನ ಮನೆಯದು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ದೀಪಗಳು ಮಾತ್ರ ಒಂದೊಂದಾಗಿ ಹತ್ತುತ್ತ ಹೋದವು. ನನ್ನ ಬಾಗಿಲಿಗೂ ಬಿತ್ತು. ನಾನು ಎದ್ದು ಕೂತೆ. ನನ್ನದರ ಪಕ್ಕದ್ದು ಇಕ್ಬಾಲನ ಮನೆ. ಅಲ್ಲಿ… ಏನೂ ಇಲ್ಲ. ಆಚೆಯ ಮನೆಗೆ ದಬ್ ದಬ್.

ಬೆಳಿಗ್ಗೆ ಓಣಿಯ ತುಂಬ ಅದೇ ಮಾತು. ಇಕ್ಬಾಲನ ತಾಯಿ ರೆಹಮತ್‌ಬಿ ಅಳುತ್ತ ಕೂತಿದ್ದಳು. ನಾನು ಮುಸರತಳ ಹತ್ತಿರ ಹೋಗಿ, ನಿಮ್ಮ ಬಾಗಿಲು ಬಡಿದ ಸದ್ದಾಯಿತೇ ಅಂತ ಕೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮ ಬಾಗಿಲಾ ಯಾಕ ಬಡೀತಾರ, ಆಪಾ? ಅವ್ರು ಮನ್ಯಾಗಿಂದನ ಹೊಂಟಿದ್ರಲ್ಲ."

ನಾನೂ ಕೂತು ಒಂದು ಹಿಡಿ ಅಕ್ಕಿ ಆರಿಸಿದೆ.

ಆ ದಿನ ಸಂಜೆಯೇ ಪೇಂಟರ್ ಬಸಣ್ಣ ಬಂದು ನನ್ನ ಬಾಗಿಲಿಗೆ ನೀಲಿ ಬಣ್ಣ ಹಚ್ಚಿದ. ರಂಜಾನಿಗೆ ಮೊದಲೇ ಹಚ್ಚಬೇಕಿತ್ತು; ಅವನ ಮಾತು ಅವನ ಬಣ್ಣಕ್ಕಿಂತ ತೆಳುವು. ನಾಳೆಯವರೆಗೆ ಮುಟ್ಟಬೇಡಿ ಅಂತ ಹೇಳಿ ಹೋದ. ನಾನು ಕದ ಮುಂದೆ ಮಾಡಿ, ಹೊರಗೆ ಬೆತ್ತದ ಎರಡು ಕುರ್ಚಿ ಅಡ್ಡ ಇಟ್ಟು, ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ.

ರೋಜಾ ಬಿಟ್ಟ ಮೇಲೆ ಇಕ್ಬಾಲ ಬಂದ. ಹಿತ್ತಲಲ್ಲೇ ನಿಂತು ಮಾತಾಡಿದ. ಮೊದಲ ರೋಜಾ ಮುಗಿಸಿದ್ದ, ಮುಖ ಬೂದಿಯಾಗಿತ್ತು. ಕೊಟ್ಟ ತಂಬಿಗೆಯ ನೀರನ್ನು ನಿಂತಲ್ಲೇ ಖಾಲಿ ಮಾಡಿ ಇನ್ನೊಂದು ಕೇಳಿದ.

"ಇದು ಹುಡುಗೂರ ಆಟ, ಖಾಲಾ. ನನ್ನ ಮರ್ಯಾದಿ ತಗೀಬೇಕಂತ ಮಾಡ್ಯಾರ."

"ಆಟ ಆದ್ರ ಆಗಲಿ. ನಾಳೆ ಫರಾಜನ ಕಡೆ ಹೋಗಿ ಒಂದ್ ಹನಿ ರಕ್ತಾ ಕೊಡು." ಫರಾಜ ನನ್ನ ತಮ್ಮನ ಮಗ. ಈಗ ತಂದೆಯ ದವಾಖಾನೆ ನಡೆಸುವವನು.

"ಸತ್ತವರು ಬಾಗಿಲಾ ಬಡೀಲಿಲ್ಲಂತ ಇದ್ದವರು ರಕ್ತಾ ಕೊಡಬೇಕೇನು?"

"ನಿಮ್ಮಪ್ಪನೂ ಹಿಂಗ ತಂಬಿಗಿ ಮ್ಯಾಲ ತಂಬಿಗಿ ನೀರು ಕುಡೀತಿದ್ದ, ಇಕ್ಬಾಲ."

ಅವನು ತಂಬಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದ. "ನನಗ ಏನೂ ಆಗಿಲ್ಲ. ಈ ಇಡೀ ತಿಂಗಳ ರೋಜಾ ಹಿಡಿದು ತೋರಸ್ತೇನಿ. ಇವತ್ತ ರಾತ್ರಿ ಅವರನ್ನ ಹಿಡೀತೇನಿ, ಅದನ್ನೂ ನೋಡ್ರಿ."

ಹಟದಲ್ಲಿ ಅವನೂ ನನ್ನ ತಮ್ಮನೂ ಒಂದೇ ಜಾತಿ. ನಾನು ರಾತ್ರಿಯೆಲ್ಲ ತಸ್ಬಿಯ ಮಣಿ ಎಣಿಸುತ್ತ ಕೂತೆ. ತಂದೆಯ ಹಾಗೆ ಇವನ ಕಾಲೂ ಹೋದೀತು, ಜೀವವೂ ಹೋದೀತು ಅನ್ನುವುದೊಂದೇ ನನ್ನ ತಲೆಯಲ್ಲಿ.

ಮುಂದಿನದನ್ನು ಇಕ್ಬಾಲನೇ ನನಗೆ ಹೇಳಿದ್ದು. ಬಿಳಿ ಪೈಜಾಮ ಹಾಕಿಕೊಂಡು, ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಹಿಡಿದು, ಅವನು ತನ್ನ ಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಓಣಿಯ ದೀಪ ಉರಿಯುತ್ತಿತ್ತು. ನನ್ನ ಬಾಗಿಲು, ಕುರ್ಚಿಗಳು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು.

ಸದ್ದು ಆ ತುದಿಯಿಂದ ಬಂತು. ಒಂದೊಂದೇ ಮನೆ. ತಗಡಿನ ಬಾಗಿಲಿಗೆ ಬಿದ್ದಾಗ ಢಬ್. ಕಟ್ಟಿಗೆಯದಕ್ಕೆ ದಬ್. ಹತ್ತಿರ… ಇನ್ನೂ ಹತ್ತಿರ… ಆಮೇಲೆ ನನ್ನ ಬಾಗಿಲಿಗೆ. ಪಚ್… ಪಚ್. ಹಸಿ ಬಣ್ಣದ ಮೇಲೆ ರಬ್ಬರು ಅಂಟಿ ಬಿಡುವ ಸದ್ದು. ಕುರ್ಚಿ ಅಲುಗಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಏನೂ ಕೇಳಲಿಲ್ಲ. ಆದರೆ ತನ್ನ ಎದುರಿಗೆ ಯಾರೋ ಬಂದು ನಿಂತಿದ್ದಾರೆ ಅನ್ನುವುದು ಅವನಿಗೆ ತಿಳಿಯಿತಂತೆ. ಸ್ಪಿರಿಟಿನ ವಾಸನೆ. ಪಾನಾ ಕೈಯಿಂದ ಜಾರಿ ಫರಸಿಕಲ್ಲಿನ ಮೇಲೆ ಬಿತ್ತು. ಠಣ್.

"ಡಾಕ್ಟರ್ ಚಾಚಾ…" ಅಂದ, ತುಟಿ ಮಾತ್ರ ಅಲುಗಿಸಿ. "ನನ್ನ ಬಾಗಿಲಾ ಬಡೀರಿ. ನಿಮ್ಮ ಕಾಲಿಗಿ ಬೀಳ್ತೇನಿ… ಬಡೀರಿ."

ಬಲ ಮೊಣಕಾಲಿನ ಚಿಪ್ಪಿನ ಕೆಳಗೆ ಮೆಲ್ಲಗೆ ಒಂದು ಏಟು ಬಿತ್ತು. ದಬ್.

ಕಾಲು ಜಿಗಿಯಲಿಲ್ಲ.

ಸ್ವಲ್ಪ ತಡೆದು ಎಡಕ್ಕೆ. ದಬ್.

ಅದೂ ಜಿಗಿಯಲಿಲ್ಲ. ಸಣ್ಣವನಿದ್ದಾಗ ಅದೇ ಓಣಿಯ ಕಟ್ಟೆಯ ಮೇಲೆ ಕೂತು, ಕಾಲು ಜಿಗಿದಾಗ ನಕ್ಕವನು ಅವನು. ಎರಡೂ ಕಾಲು ಬೇರೆ ಯಾರದೋ ಅನ್ನುವ ಹಾಗೆ ಜೋತು ಬಿದ್ದಿದ್ದವು. ಅಷ್ಟರಲ್ಲಿ ಆಚೆಯ ಮನೆಯ ಬಾಗಿಲಿಗೆ ದಬ್ ದಬ್. ಮೊದಲ ರಾತ್ರಿ ಬಾಕಿ ಉಳಿದಿದ್ದ ತಪಾಸು ಮುಗಿದಿತ್ತು.

ಇಕ್ಬಾಲ ನನ್ನ ಹಿತ್ತಲಿಗೆ ಹೇಗೆ ಬಂದನೋ, ಬಂದು ಕುಸಿದ. "ಖಾಲಾ… ನನ್ನ ಕಾಲು ಜಿಗೀಲಿಲ್ಲ," ಅಂದ. ದೀಪ ಹಾಕಿ ನೋಡಿದೆ. ಬಿಳಿ ಪೈಜಾಮದ ಎರಡೂ ಮೊಣಕಾಲಿನ ಮೇಲೆ ದುಂಡಗೆ ನೀಲಿ ಗುರುತು. ನನ್ನ ಮುಂಬಾಗಿಲಿಗೆ ಹೋಗಿ ನೋಡಿದೆ. ಕುರ್ಚಿಗಳು ಇಟ್ಟಲ್ಲೇ ಇದ್ದವು. ನನ್ನ ತಮ್ಮನ ಎದೆಯ ಮಟ್ಟದಲ್ಲಿ, ಹಸಿ ಬಣ್ಣದಲ್ಲಿ, ಅದೇ ಅಳತೆಯ ಎರಡು ದುಂಡು.

ಆ ದಿನ ಅವನಿಗೆ ರೋಜಾ ಹಿಡಿಯಲು ಬಿಡಲಿಲ್ಲ. ಬೆಳಗಾದೊಡನೆ ರಿಕ್ಷಾದಲ್ಲಿ ಹಾಕಿಕೊಂಡು ಫರಾಜನ ಹತ್ತಿರ ಕರೆದುಕೊಂಡು ಹೋದೆ. ನಡೆದದ್ದೆಲ್ಲ ಹೇಳಿದೆ. ಫರಾಜ ನಕ್ಕ. ದೊಡ್ಡ ಡಿಗ್ರಿ ಮಾಡಿದವನು.

"ಫುಪ್ಪೂ, ನೀವು ಓದಿದವರು. ನೀವೂ ಹಿಂಗ ಅಂದ್ರ ಹೆಂಗ?"

"ಓದಿದ್ದಕ್ಕನ ಹೇಳಾಕತ್ತೇನಿ. ಮೊದಲ ಅವನ ಕಾಲು ನೋಡು."

ಇಕ್ಬಾಲ ಚಪ್ಪಲಿ ಬಿಡಲು ಹೋದ. ಎಡಗಾಲಿನದು ಸುಲಭಕ್ಕೆ ಬರಲಿಲ್ಲ. ಫರಾಜ ಕಾಲೆತ್ತಿ ತಳ ನೋಡಿದವನೇ ನಗು ನಿಲ್ಲಿಸಿದ.

"ಇದು ಎಂದ ಚುಚ್ಚೇತಿ?"

"ಏನು?" ಅಂದ ಇಕ್ಬಾಲ.

ಗ್ಯಾರೇಜಿನ ಮೊಳೆ. ಚಪ್ಪಲಿಯನ್ನು ತೂರಿ ಅಂಗಾಲಿನೊಳಗೆ ಹೋಗಿತ್ತು. ಸುತ್ತ ಕಪ್ಪಾಗಿ ಕೀವು ಕಟ್ಟಿತ್ತು. ಎಷ್ಟೋ ದಿನಗಳಿಂದ, ಚಪ್ಪಲಿ ಮೆಟ್ಟಿದಾಗೆಲ್ಲ ಅದೇ ತೂತಿಗೆ ಇಳಿಯುತ್ತಿದ್ದ ಆ ಮೊಳೆಯನ್ನು ಊರಿಕೊಂಡೇ ಓಡಾಡಿದ್ದ. ನೋವೇ ತಿಳಿದಿರಲಿಲ್ಲ. ಬಾವಿಯ ಹತ್ತಿರ ಬೆನ್ನು ಹತ್ತಿದ ಟಿಕ್ ಅದೇ, ಮೊಳೆಯ ತಲೆ ರಸ್ತೆಗೆ ಬಡಿದದ್ದು. ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದರೆ, ಫರಾಜ ಇನ್ನೊಮ್ಮೆ ಬೆರಳು ಚುಚ್ಚಿ ನೋಡಿದ. ಸಕ್ಕರೆ ಕಾಲಿನ ನರಗಳನ್ನೇ ಕೊಂದಿದೆ, ಅದಕ್ಕೇ ನೋವಿಲ್ಲ ಅಂದ.

ಆಮೇಲೆ ಮೊಣಕಾಲು ನೋಡಬೇಕೆಂದು ತಂದೆಯ ಸುತ್ತಿಗೆಗಾಗಿ ಮೇಜಿನ ಖಾನೆಯ ಬೀಗ ತೆಗೆದ. ಮಣ್ಣು ಮಾಡಿ ಬಂದ ದಿನ ಅದರೊಳಗಿಟ್ಟದ್ದು, ಕೀಲಿ ಅವನ ಹತ್ತಿರವೇ. ಸುತ್ತಿಗೆಯನ್ನು ಕೈಗೆತ್ತಿಕೊಂಡ. ಹೊರಳಿಸಿದ. ರಬ್ಬರಿನ ಅಂಚಿಗೆ ನೀಲಿ.

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅರಳೆಗೆ ಸ್ಪಿರಿಟ್ ಹಾಕಿ ಒರೆಸಿದ.

ಇಕ್ಬಾಲನ ಎಡಗಾಲಿನ ಎರಡು ಬೆರಳು ಹೋದವು. ಕಾಲು ಉಳಿಯಿತು. ರಂಜಾನಿನ ಮೂರನೆಯ ರಾತ್ರಿಯಿಂದ ಓಣಿಯಲ್ಲಿ ಸದ್ದೂ ನಿಂತಿತು. ಹಾಜಿಸಾಹೇಬರು ಒಂದು ದಿನ ಬಂದು, ಹೋದವರು ತಿರುಗಿ ಬರುವುದಿಲ್ಲ, ಇಂಥ ಮಾತು ಹಬ್ಬಿಸುವುದು ಸರಿಯಲ್ಲ, ಆ ಬಾಗಿಲಿಗೆ ಇನ್ನೊಂದು ಕೈ ಬಣ್ಣ ಹಚ್ಚಿಸಿಬಿಡಿ ಅಂದರು.

"ಅಂವ ಬಂದಾನಂತ ನಾ ಎಲ್ಲೆ ಹೇಳೇನ್ರಿ?" ಅಂದೆ. "ಬಾಗಿಲಾ ಬಡದಾನಂತ ಹೇಳೇನಿ. ಬಣ್ಣ ನಾ ಇರೂತನಕಾ ಹಿಂಗ ಇರತೇತಿ. ಹೋಗೂಮುಂದ ಮುಟ್ಟಿ ನೋಡಿ ಹೋಗ್ರಿ."

ಅವರು ಮುಟ್ಟಲಿಲ್ಲ.

ಈ ವರ್ಷ ಇಕ್ಬಾಲ ರೋಜಾ ಇರಲಿಲ್ಲ. ಅದರ ಬದಲು ದಿನಕ್ಕೊಬ್ಬ ಬಡವನಿಗೆ ಉಣ್ಣಲು ಹಾಕಿದ. ಫರಾಜ ಕೊಟ್ಟ ಸುತ್ತಿಗೆ ಹಿಡಿದು, ದಪ್ಪ ಅಡಿಯ ಬೂಟು ಹಾಕಿಕೊಂಡು, ಕುಂಟುತ್ತ, ಓಣಿಯನ್ನು ಎಬ್ಬಿಸಿದವನೂ ಅವನೇ. ಮೊಬೈಲ್ ಇವೆಯಲ್ಲ ಅಂದವರಿಗೆ, ಮೊಬೈಲ್ ಯಾರ ಬಾಗಿಲನ್ನೂ ಬಿಡುವುದಿಲ್ಲ ಅಂದನಂತೆ. ತನ್ನ ಬಾಗಿಲನ್ನು ತಾನೇ ಬಿಟ್ಟು ಮುಂದೆ ಹೋಗುತ್ತಿದ್ದ.

ಒಂದು ದಿನ ನನ್ನನ್ನು ಕೇಳಿದ. "ಖಾಲಾ, ನಾ ಆ ತುದಿಯಾಗ ಇದ್ದಾಗನ ನಿಮ್ಮ ದೀಪಾ ಹತ್ತಿರತೇತಿ. ದಿನಾ ನೋಡಾಕತ್ತೇನಿ. ಬಡಿಯೂಕಿಂತ ಮೊದಲ ನೀವು ಹೆಂಗ ಏಳ್ತೀರಿ?"

ಮುದುಕರಿಗೆ ನಿದ್ದೆ ಕಡಿಮೆ ಅಂತ ಹೇಳಿ ಕಳಿಸಿದೆ. ನನ್ನ ನಿದ್ದೆ ಒಳ್ಳೆಯದೇ ಇದೆ. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ನನ್ನ ಬಾಗಿಲನ್ನು ನನ್ನ ತಮ್ಮ ಒಂದು ವರ್ಷವೂ ಬಿಟ್ಟವನಲ್ಲ. ಸುತ್ತಿಗೆ ಇಕ್ಬಾಲನ ಕೈಯಲ್ಲಿ, ಇಕ್ಬಾಲ ಓಣಿಯ ಆ ತುದಿಯಲ್ಲಿ… ಆಗ ನನ್ನ ನೀಲಿ ಬಾಗಿಲಿಗೆ ಎರಡು ಸಲ ಬೀಳುತ್ತಿತ್ತು. ಇಡೀ ರಂಜಾನ್ ಕೇಳಿದ್ದೇನೆ, ತಾರೀಖು ಹಾಕಿ ಬರೆದಿಟ್ಟಿದ್ದೇನೆ. ರಬ್ಬರಿನ ಸದ್ದು. ದಬ್… ದಬ್.