ಮೂರನೇ ಗಾಡಿಯ ತೂಕ

...ಇಲ್ಲ ಮೇಸ್ತ್ರಿ, ನಿಂತ್ಕೊಂಡು ಆಡೋ ಮಾತಲ್ಲ ಇದು. ಕೂತ್ಕೊಳ್ಳಿ. ಆ ಕುರ್ಚಿ ಬೇಡ, ನಿಮ್ಮ ಬಟ್ಟೆ ಮೇಲೆಲ್ಲ ಆಸಿಡ್ ಇರತ್ತೆ. ಸ್ಟೂಲ್ ಎಳ್ಕೊಳ್ಳಿ. ಹೂಂ.

ಹೆಡ್ಡಾಫೀಸಿನವರು ಹನ್ನೊಂದಕ್ಕೆ ಬರ್ತಾರೆ. ಈಗ ಹತ್ತೂವರೆ. ಅಷ್ಟರಲ್ಲಿ ಈ ಕಾಗದಕ್ಕೆ ನಿಮ್ಮ ಸಹಿ ಆಗಬೇಕು. ಕಣ್ಣಿಗೆ ಆಪರೇಶನ್ ಆಗಿದೆ, ಓದೋಕಾಗಲ್ಲ ಅಂತ ಗೊತ್ತು, ನಾನೇ ಓದ್ತೀನಿ. "ಮೂರನೇ ಫೋರ್ಕ್‌ಲಿಫ್ಟಿಗೆ ಹೊಸ ಬ್ಯಾಟರಿ ಆರಿಸಿ ಕೂರಿಸಿದವನು ನಾನು. ಅದರ ತೂಕ ಕಡಿಮೆ ಎಂದು ತಿಳಿದೂ ಬೇರೆ ಭಾರ ಸೇರಿಸಲಿಲ್ಲ." ಅಷ್ಟೇ. ಎರಡೇ ವಾಕ್ಯ.

ಯಾಕೆ ನಗ್ತೀರಿ?

ನಗೋ ಸಮಯವಾ ಇದು? ಕಾಲಿಗೆ ರಾಡ್ ಹಾಕಿಸ್ಕೊಂಡು ಆಸ್ಪತ್ರೆಯಲ್ಲಿ ಮಲಗಿರೋನು ನಿಮ್ಮ ಅಳಿಯ. ಸೋಮವಾರ ಮೂರನೇ ಗಾಡಿಯಲ್ಲಿ ಕಾಗದದ ರೋಲ್ ಎತ್ತಿದ್ದಾನೆ, ದಿನಾ ಎತ್ತೋ ರೋಲು, ದಿನಾ ಇಡೋ ಎತ್ತರ. ಗಾಡಿಯ ಹಿಂದಿನ ಚಕ್ರಗಳು ನೆಲ ಬಿಟ್ಟು ಮೇಲೆದ್ದಿವೆ. ಗಾಬರಿಬಿದ್ದು ಕೆಳಗೆ ಹಾರಿದ್ದಾನೆ. ಗಾಡಿ ವಾಪಸ್ ಕೂತಿದ್ದು ಅವನ ಪಾದದ ಮೇಲೆ. ನಿಮ್ಮ ಮಗಳು ಈಗಲೂ ಗೇಟಿನ ಹತ್ರ ನಿಂತಿದ್ದಾಳಂತೆ. ನಾನು ಒಳಗೆ ಕರೆದೆ, ಬರಲಿಲ್ಲ.

ಅಪ್ಪನ ಕೈಯಲ್ಲೇ ಆಗಿದ್ದು ಅಂತ ಆ ಹುಡುಗಿಗೆ ತಿಳಿದ್ರೆ ಹೇಗಿರತ್ತೆ, ಯೋಚನೆ ಮಾಡಿ. ಸಹಿ ಹಾಕಿದ್ರೆ ವಿಷಯ ಈ ರೂಮಿನಲ್ಲೇ ಮುಗಿಯತ್ತೆ. ಬೇರೆ ಕಡೆ ಕೆಲಸಕ್ಕೆ ನಾನೇ ಒಳ್ಳೇ ಪತ್ರ ಬರೆದುಕೊಡ್ತೀನಿ.

ಅತ್ತ ಏನು ನೋಡ್ತೀರಿ? ಬಾಗಿಲ ಹತ್ರ ಯಾರೂ ಇಲ್ಲ. ಇತ್ತ ನೋಡಿ.

ನಾನು ಸುಮ್ಮಸುಮ್ಮನೆ ಯಾರ ಮೇಲೂ ಬೊಟ್ಟು ಮಾಡೋಳಲ್ಲ. ಆದ್ರೆ ನಿಮ್ಮ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣಿತ್ತು, ಮುಚ್ಚುಮರೆ ಯಾಕೆ. ಬ್ಯಾಟರಿಗೆ ನೀರು ತುಂಬಿಸೋದು ಬೆಳಿಗ್ಗೆ ಬಂದ ತಕ್ಷಣ ಅಂತ ನಾನು ಬೋರ್ಡು ಬರೆಸಿ ಹಾಕಿದೆ. ನೀವು? ಚಾರ್ಜ್ ಮುಗಿದ ಮೇಲೇ ತುಂಬಿಸೋದು. ಕೇಳಿದ್ರೆ, "ಮುಂಚೆ ಹಾಕಿದ್ರೆ ಕಾದು ಉಕ್ಕತ್ತೆ ಮೇಡಂ, ಆಸಿಡ್ ಹೊರಗೆ ಚೆಲ್ಲತ್ತೆ." ಸರಿ ಅಂದೆ. ಅಂದೆ ಅಷ್ಟೇ, ನಂಬಲಿಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನುಗಳ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೆ, ನಲ್ಲಿ ನೀರು ಸುರೀತೀರೇನೋ ಅಂತ. ತಲೆ ಯಾಕೆ ಆಡಿಸ್ತೀರಿ? ನಿಮಗೆ ಗೊತ್ತಿತ್ತಾ ಗೆರೆ ಇದ್ದಿದ್ದು? ...ಗೊತ್ತಿದ್ದೂ ಅಳಿಸಲಿಲ್ವಾ.

ಇರಲಿ. ಬ್ಯಾಟರಿ ವಿಷಯಕ್ಕೆ ಬರೋಣ. ಹಳೇದು ಸತ್ತು ಹೊಸದು ತಂದ್ರಿ. ವೋಲ್ಟ್ ಅದೇ, ಪ್ಲಗ್ ಅದೇ, ಚಾರ್ಜರೂ ಅದೇ ನಡೆಯತ್ತೆ ಅಂದ್ರಿ. ಸರಿ. ಆದ್ರೆ ಅದು ಒಂದು ಗೇಣು ಕಿರಿದು, ನೂರಾ ಅರವತ್ತು ಕಿಲೋ ಹಗುರ. ಎದುರುಗಡೆ ರೋಲಿನ ಭಾರ ತೂಗೋಕೆ ಈ ಗಾಡಿಗಳಿಗೆ ಹಿಂದೆ ಬ್ಯಾಟರಿ ತೂಕವೇ ಆಧಾರ. ಎಷ್ಟು ಕಿಲೋಗಿಂತ ಕಡಿಮೆ ಇರಬಾರದು ಅಂತ ಗಾಡಿ ಮೇಲೇ ತಗಡು ಬಡಿದಿದೆ. ಹೌದು, ಓದಿದೆ. ಸೋಮವಾರ ಓದಿದೆ.

ಕಡಿಮೆ ಬಿದ್ದ ತೂಕಕ್ಕೆ ನೀವು ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಜೋಡಿಸಿದ್ರಿ ಅಂತ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತಿದ್ದೀರಂತೆ. ಎಲ್ಲಿದೆ ಪಟ್ಟಿ? ಈವತ್ತು ಬೆಳಿಗ್ಗೆ ರಜೆ ಮುಗಿಸಿ ಬಂದವರೇ ಸೀಟು ಎತ್ತಿ ಬ್ಯಾಟರಿ ಪಕ್ಕ ನೋಡಿದ್ರಲ್ಲ, ಸಿಕ್ತಾ? ಖಾಲಿ ಜಾಗ. ಇದ್ದಿದ್ದೇ ಆದ್ರೆ ರೆಕ್ಕೆ ಬಂದು ಹಾರಿ ಹೋದವಾ? ನೀವೇ ಗುಜರಿಗೆ ಹಾಕಿಲ್ಲ ಅನ್ನೋಕೆ ಏನು ಸಾಕ್ಷಿ? ಎಂಟು ಪಟ್ಟಿ ಹೊತ್ಕೊಂಡು ಹೋಗೋದು ಯಾರ ಕಣ್ಣಿಗೂ ಬೀಳದೆ...

ಯಾಕೆ ಹಾಗೆ ತಲೆ ಎತ್ತಿದ್ರಿ?

ಎಂಟು ಅಂತ... ನೀವೇ ಹೇಳಿದ್ದಂತೆ. ಹೇಳಿಲ್ವಾ? ಹಾಗಾದ್ರೆ ಬೇರೆ ಯಾರೋ ಹೇಳಿರಬೇಕು. ನೂರಾ ಅರವತ್ತನ್ನ ಇಪ್ಪತ್ತರಿಂದ ಭಾಗಿಸಿದ್ರೆ ಎಂಟು ತಾನೇ, ಲೆಕ್ಕ ನನಗೂ ಬರತ್ತೆ. ಒಂದೊಂದು ಇಪ್ಪತ್ತು ಕಿಲೋ ಅಂತ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಕೇಳಲಿಲ್ಲ ನೀವು. ಸರಿ.

ನಾನು ಬ್ಯಾಟರಿ ರೂಮಿನೊಳಗೆ ಕಾಲೂ ಇಡೋದಿಲ್ಲ, ಆ ವಾಸನೆ ನನಗೆ ಆಗಲ್ಲ. ತಿಂಗಳಿಗೊಮ್ಮೆ ಸ್ವಚ್ಛತೆ ನೋಡೋಕೆ ಹೋಗ್ತೀನಿ, ಅದು ಬೇರೆ. ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು ನಾನು. ಮೇಜಿನ ಮೇಲೆ ಪೆನ್ಸಿಲು ಸೊಟ್ಟಗಿದ್ರೂ ಅವತ್ತಿನ ಊಟ ರುಚಿಸಲ್ಲ. ನೀವೆಲ್ಲ ಹಿಂದಿನಿಂದ ನನ್ನ ಹೆಡ್ಮಿಸ್ ಅಂತ ಕರೆಯೋದೂ ಗೊತ್ತು. ಕರೀರಿ. ಅಷ್ಟು ಹೊಸ ಬ್ಯಾಟರಿ ಪಕ್ಕ ಅಂಥ ತುಕ್ಕು ಹಿಡಿದ ಕೊಳಕು ಕಬ್ಬಿಣ ತುರುಕಿಟ್ರೆ ಯಾರು ತಾನೇ...

...

ಮತ್ತೆ ಬಾಗಿಲು ನೋಡ್ತೀರಲ್ಲ. ಓಡಿ ಹೋಗೋ ಯೋಚನೆಯಾ? ಎದ್ರಿ ಯಾಕೆ? ಎದ್ದಿದ್ದಾಯ್ತಲ್ಲ, ಆ ಬಾಗಿಲು ಹಾಕ್ಕೊಂಡು ಬನ್ನಿ. ಹೊರಗೆ ಕೇಳಿಸತ್ತೆ.

ಹಾಕಿ ಅಂದೆ.

ಅದು ಏನೂ ಅಲ್ಲ ಮೇಸ್ತ್ರಿ. ಗಾಳಿಗೆ ಬಾಗಿಲು ಬಡಿಯತ್ತೆ ಅಂತ ಆಸರೆಗೆ ಇಟ್ಟಿದ್ದು. ನೀಲಿ ಬಟ್ಟೆ ನಾನೇ ಹೊಲಿದಿದ್ದು, ಅಂಚು ಕಟ್ಟಿ. ಬಗ್ಗಬೇಡಿ, ಆಪರೇಶನ್ ಆದ ಕಣ್ಣು, ಬಗ್ಗಬಾರದು. ಬಟ್ಟೆ ತೆಗೀಬೇಡಿ.

ತೆಗೀಬೇಡಿ ಅಂದೆನಲ್ಲ.

...ಬಿಳೀ ಬಣ್ಣದಲ್ಲಿ ಮೂರು ಅಂತ ನೀವೇ ಬರೆದಿದ್ದಾ? ಅಚ್ಚುಕಟ್ಟಾಗಿದೆ ಬರವಣಿಗೆ. ಅವತ್ತು ನಾನು ಅದನ್ನ ನೋಡಲಿಲ್ಲ. ತುಕ್ಕು ಮಾತ್ರ ನೋಡಿದೆ. ಶನಿವಾರ ನೀವು ರಜೆಯಲ್ಲಿದ್ರಿ, ಚಾರ್ಜಿಗೆ ಅಂತ ಗಾಡಿಯ ಸೀಟು ಎತ್ತಿಟ್ಟಿತ್ತು, ಗುಜರಿ ಲಾರಿ ಗೇಟಿನಲ್ಲೇ ನಿಂತಿತ್ತು, ಇದನ್ನೆಲ್ಲ ಎತ್ತಿಹಾಕಿ ಅಂದೆ. ಏಳು ಹೋದವು. ಕಸ ಗುಡಿಸೋಳು ಒಂದನ್ನ ಬಾಗಿಲಿಗೆ ಆಗತ್ತೆ ಅಂತ ಇಲ್ಲಿಟ್ಟಳು. ಅದು ಭಾರಕ್ಕೆ ಅಂತ ನನಗೆ ಗೊತ್ತಿರಲಿಲ್ಲ. ಸೋಮವಾರ ಗೊತ್ತಾಯ್ತು. ಸಂಜೆ ಎಲ್ಲರೂ ಹೋದ ಮೇಲೆ ಎತ್ತೋಕೆ ನೋಡಿದೆ, ನನ್ನ ಕೈಲಿ ಆಗಲಿಲ್ಲ. ಯಾರನ್ನಾದ್ರೂ ಕರೆದ್ರೆ ಯಾಕೆ ಅಂತ ಕೇಳ್ತಾರೆ. ಅದಕ್ಕೆ ಬಟ್ಟೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಬೇಗ ಬಂದ್ಬಿಟ್ರು. ಅದನ್ನ ಸ್ವಲ್ಪ ಸರಿಸಿ, ಬಾಗಿಲು ಹಾಕಿ. ಕಾಗದ ಹರಿದುಹಾಕ್ತೀನಿ, ನೋಡಿ, ಹರಿದೆ. ಇನ್ನೇನು ಬೇಕು?

ಹಾಗೆ ಸುಮ್ಮನೆ ನಿಲ್ಲಬೇಡಿ ಮೇಸ್ತ್ರಿ. ಬಂದಾಗಿನಿಂದ ಒಂದು ಮಾತು ಆಡಿಲ್ಲ ನೀವು. ಏನಾದ್ರೂ ಅಂದಿದ್ರೆ... ನಾನು ಇಷ್ಟು ಮಾತಾಡ್ತಾನೇ ಇರಲಿಲ್ಲ.