ಮುಯ್ಯಿ ಅಂದಿದ್ದು ನಾನೇ ಸಾರ್

ಹಲೋ... ಯಾರು, ನಾಗಾರ್ಜುನ ಪ್ರೊಫೆಸರಾ ಮಾತಾಡ್ತಿರೋದು?... ಹಾಂ, ನಮಸ್ಕಾರ ಸಾರ್. ನಾನು ಡ್ರೈವರ್ ನಾರಾಯಣಸ್ವಾಮಿ. ಮೊನ್ನೆ ದೋಹಾ ಏರ್‌ಪೋರ್ಟಿಂದ ಕರ್ಕೊಂಡ್ ಬಂದ್ನಲ್ಲ, ಮದ್ದೂರಿನೋನು... ಅದೇ ಸಾರ್, ಬಾಯಿ ಮುಚ್ಚದೇ ಇದ್ದೋನು!

...

ಗಾಡಿ ವಿಷಯ ಅಲ್ಲ ಸಾರ್. ಇಲ್ಲಿ ಲ್ಯಾಬಲ್ಲಿ ಸಂಶೋಧನೆ ಮಾಡೋ ಲೊರ್ನಾ ಮೇಡಂ ವಿಷಯ. ಅವ್ರ ಕಾಂಟ್ರಾಕ್ಟ್ ಮುಂದುವರಿಸ್ಬೇಕೋ ಬೇಡ್ವೋ ಅಂತ ಹತ್ತು ಗಂಟೆಗೆ ನಿಮ್ಮ ಮೀಟಿಂಗ್ ಅಲ್ವಾ? ಇನ್ನೂ ಇಪ್ಪತ್ತು ನಿಮಿಷ ಐತೆ. ಫೋನ್ ಇಡ್ಬೇಡಿ ಸಾರ್, ನಿಮ್ಮ ದಮ್ಮಯ್ಯ.

...

ಬೆಳಿಗ್ಗೆ ಅಲ್ ಅಜೀಜಿಯಾದ ಮನೆಯಿಂದ ಮೇಡಂನ ಕರ್ಕೊಂಡ್ ಬರ್ತಿದ್ದೆ. ಜೊತೇಲಿ ಕೆಲಸ ಮಾಡೋ ರಶ್ಮಿತಾ ಮೇಡಂಗೆ ಫೋನಲ್ಲಿ ಅಳ್ತಾ ಹೇಳ್ತಿದ್ರು. ನಿನ್ನೆ ನೀವು ಕರೆದು, 'ಸೈಟೇಷನ್ನಲ್ಲೂ ಮುಯ್ಯಿನೇನಮ್ಮ' ಅಂತ ಕೇಳಿದ್ರಂತೆ. ಮುಯ್ಯಿ ಅಂದೇಟ್ಗೆ ತಿರುಗೋ ರಸ್ತೆ ಬಿಟ್ಟು ಮುಂದಕ್ಕೆ ಹೋಗ್ಬುಟ್ಟೆ. ಈ ದೋಹಾದಲ್ಲಿ ಆ ಮಾತು ನಿಮ್ಮ ಕಿವಿಗೆ ಹಾಕೋನು ಇನ್ಯಾವನು?... ಹೌದು. ನಾನೇ.

...

ಬುರುಡೆ ಸಾರ್. ಪೂರ್ತಿ ಬುರುಡೆ! ಒಂದು ಸಿಗ್ನಲ್ಲಿಂದ ಇನ್ನೊಂದು ಸಿಗ್ನಲ್ಲಿಗೆ ಮೇಡಂ ಒಂದು ರಿಸರ್ಚ್ ಪೇಪರ್ ಬರೆದು ಬಿಸಾಕ್ತಾರೆ ಅಂದ್ನಲ್ಲ, ಅದೂ ಬುರುಡೆ. ಇನ್ನೂರು ಪೇಪರ್ ಅಂದಿದ್ದೂ ಬುರುಡೆ. ನೀವು, 'ಅಷ್ಟೊಂದು ಜನ ತಮ್ಮ ಪೇಪರಲ್ಲಿ ಅವರ ಹೆಸರು ಯಾಕಯ್ಯ ಹಾಕ್ತಾರೆ, ಸೈಟೇಷನ್ ಅಂತ' ಅಂದ್ರಿ. ಗೊತ್ತಿಲ್ಲ ಅನ್ನೋ ಮಾತು ನನ್ನ ಬಾಯಿಗೆ ಬರಾಕಿಲ್ಲ. ಮದುವೆ ಮನೇಲಿ ಮುಯ್ಯಿ ಹಾಕ್ದಂಗೆ ಸಾರ್, ಇವ್ರು ಅವ್ರಿಗೆ ಹಾಕ್ತಾರೆ, ಅವ್ರು ಇವ್ರಿಗೆ ತೀರಿಸ್ತಾರೆ ಅಂದ್ಬುಟ್ಟೆ. ನಗ್ತೀರ ಅಂದ್ಕೊಂಡಿದ್ದೆ. ನೀವು ಕಿಟಕಿ ಕಡೆ ತಿರುಗ್ಕೊಂಡ್ರಿ.

...

ಅವತ್ತು ಹೇಳಿದ್ನಲ್ಲ, ಆ ಬೆಳಕಿನ ಚಿಮಟಾನೂ ಬುರುಡೆನಾ ಅಂತೀರಾ? ಅಯ್ಯೋ ಅದು ನಿಜ ಸಾರ್! ಮೇಡಂ ಬೆಳಕಲ್ಲೇ ರಕ್ತದ ಕಣ ಹಿಡ್ದು ಜಗ್ಗಿ ನೋಡ್ತಾರಂತೆ. ಅದು ನಾನು ಕಟ್ಟಿದ್ದಲ್ಲ, ಅಷ್ಟು ದೊಡ್ಡದು ನಂಗೆ ಕಟ್ಟಾಕೂ ಬರಲ್ಲ.

...

ಏನಂದ್ರಿ? ಮೇಡಂ ಹೇಳ್ಕೊಟ್ಟು ಫೋನ್ ಮಾಡಿಸ್ತವ್ರಾ?... ದೇವ್ರಾಣೆ ಇಲ್ಲ. ಅವ್ರಿಗೆ ಗೊತ್ತೇ ಇಲ್ಲ, ಹಿಂದಿನ ಸೀಟಲ್ಲಿ ಅತ್ಕೊಂಡ್ ಬಂದ್ರು, ನಾನು ಮುಂದೆ ಕೂತು ಗಾಡಿ ಓಡಿಸ್ದೆ ಅಷ್ಟೇ.

...

ಹೆಂಗ್ ನಂಬೋದು ಅಂತೀರಾ... ಒಂದು ಕೇಳಿ ಸಾರ್. ಹೋದ ವರ್ಷ ಯಾರೋ ಒಬ್ಬ, ಪೇಪರ್ ಪಾಸ್ ಮಾಡೋನು, 'ನನ್ನವು ನಾಲ್ಕು ಪೇಪರ್ ಹೆಸರು ಸೇರಿಸು, ಆಮೇಲೆ ನೋಡಾಣ' ಅಂತ ಬರೆದಿದ್ದ. ರಶ್ಮಿತಾ ಮೇಡಂ ನನ್ನ ಗಾಡೀಲೇ ಗೋಗರೆದ್ರು, 'ನಾಲ್ಕು ಹೆಸರು ತಾನೇ, ಹಾಕಿ ಬಿಸಾಕೇ' ಅಂತ. ಲೊರ್ನಾ ಮೇಡಂ ಆಗಲ್ಲ ಅಂದ್ರು. ಹದಿನಾಲ್ಕು ತಿಂಗಳು ಆ ಪೇಪರ್ ಕೊಳೀತು ಸಾರ್! ಆ ಮೇಲ್ ಅವ್ರ ಹತ್ರ ಐತೆ. ಅವ್ರಾಗಿ ತೋರ್ಸೋ ಹೆಂಗ್ಸಲ್ಲ. ನೀವೇ ಕೇಳಿ.

...

ಬರ್ಕೊತಿದೀರಾ ಸಾರ್? ನಾಲ್ಕು ಹೆಸರು, ಹದಿನಾಲ್ಕು ತಿಂಗಳು.

...

ಯಾರು, ನಾನಾ? ಕಮಿಟಿ ಮುಂದೆನಾ?... ಹೆಸರು ಬರ್ಕೊತಾರಾ?... ಅಲ್ಲ ಸಾರ್, ಗೆಸ್ಟ್ ಹತ್ರ ಆಫೀಸ್ ವಿಷಯ ಮಾತಾಡ್ದೋನ್ನ ನಮ್ ಕಂಪನಿಯೋರು ಇಟ್ಕೊಳಲ್ಲ. ಖಲಾಸ್, ವೀಸಾ ಕ್ಯಾನ್ಸಲ್, ಯಲ್ಲಾ, ಮನೆಗೆ ನಡಿ ಅಂತಾರೆ. ನೀವೇ ಒಂದು ಮಾತು ಹೇಳ್ಬುಡಿ ಸಾರ್, ಡ್ರೈವರ್ ಹಿಂಗಂದ ಅಂತ...

...

ನೀವು ಹೇಳಿದ್ರೆ ಸಾಲಲ್ವಾ?

...

ಹೂಂ. ನಾನೇ ಅಂದಿದ್ದು, ನಾನೇ ಅನ್ಬೇಕು ಅಂತೀರ... ಹೂಂ.

...

ಐದನೇ ಮಹಡಿ ಅಲ್ವಾ? ಬರ್ತೀನಿ. ಕೆಳಗಡೆ ಲಿಫ್ಟ್ ಮುಂದೇನೇ ನಿಂತಿದೀನಿ.

...

ಈಗ್ಲೇ ಹೇಳ್ಬೇಕಾ? ನಿಜವಾಗ್ಲೂ ಎಷ್ಟು ಪೇಪರ್ ಅಂತಾನಾ?... ನಿಮ್ಮ ಕಂಪ್ಯೂಟರಲ್ಲೇ ಇರ್ತದಲ್ಲ ಸಾರ್... ಓಹೋ, ನನ್ನ ನಾಲಿಗೆ ಪರೀಕ್ಷೆನಾ! ಹನ್ನೊಂದು ಸಾರ್. ಒಂದೊಂದು ಪೇಪರ್ ಬಂದಾಗ್ಲೂ ಸೂಕ್ ವಾಕಿಫ್ ಮಾರ್ಕೆಟ್ ಕಡೆ ಗಾಡಿ ತಿರುಗ್ಸಿ ನಂಗೆ ಕುನಾಫಾ ಸ್ವೀಟು ಕೊಡಿಸ್ತಾರೆ. ಒಂಬತ್ತು ವರ್ಷದಲ್ಲಿ ಹನ್ನೊಂದು ಸಲ ತಿಂದಿದೀನಿ. ಹದಿನೈದು ಅನ್ನಾಕೆ ನಾಲಿಗೆ ತುರಿಸ್ತೈತೆ, ಆದ್ರೂ ಹನ್ನೊಂದೇ. ಮೇಲ್ಬಂದ್ರೂ ಹನ್ನೊಂದೇ ಅಂತೀನಿ.

...

ಸರಿಯಾಗೈತಾ? ಸರಿಯಾಗೈತಾ ಸಾರ್?... ಕೇಳ್ತಿಲ್ಲ, ಲಿಫ್ಟ್ ಒಳಗೆ ಬಂದ್ಬುಟ್ಟೆ, ಬಾಗಿಲು ಮುಚ್ಕೊತಾ ಐತೆ... ಹಲೋ? ಸಾರ್, ಮೇಡಂನ ಒಂದ್ನಿಮಿಷ ಆಚೆ ಕಳಿಸ್ಬೇಡಿ, ಅವ್ರ ಮುಂದೇನೇ ಹೇ—