ಅವು ಅಲ್ಲ, ಅವರು

ಇದು ಕಟ್ಟುಕತೆಯಲ್ಲ. ನಮ್ಮ ಪಕ್ಕದ ಮನೆಯ ಮೆಕ್ಯಾನಿಕ್, ಎಲ್ಲರೂ ಬೋಲ್ಟು ಅಂತ ಕರೆಯುತ್ತಾರಲ್ಲ, ಅವನಿಗೇ ಆದದ್ದು.

ಆವತ್ತು ಬೋಲ್ಟು ಗ್ಯಾರೇಜು ಮುಚ್ಚಿ ದೊಡ್ಡಮ್ಮನನ್ನು ನೋಡಲು ಹೊರಟಾಗ ರಾತ್ರಿ ಬಹಳ ಆಗಿತ್ತು. ಹಾಳುಬಾವಿ ದಾಟಿದರೆ ಬಯಲು. ಬಯಲಿನ ತುದಿಯಲ್ಲಿ ಅವನ ದೊಡ್ಡಮ್ಮನ ಕಾರವಾನ್... ಮಂಚ, ಒಲೆ, ಸಿಂಕು ಎಲ್ಲ ಒಳಗೇ ಇರುವ ಗಾಡಿ. ದೊಡ್ಡಪ್ಪನ ಜೊತೆ ಅದರಲ್ಲೇ ಊರೂರು ಸುತ್ತಿದವಳು, ದೊಡ್ಡಪ್ಪ ತೀರಿಕೊಂಡಮೇಲೂ ಅದನ್ನು ಬಿಟ್ಟು ಬರಲಿಲ್ಲ.

ದೊಡ್ಡಮ್ಮನಿಗೆ ಕಿವಿ ಪೂರಾ ಹೋಗಿದೆ. ಪಕ್ಕದಲ್ಲಿ ಟೈರು ಸಿಡಿದರೂ ತಿರುಗಿ ನೋಡುವವಳಲ್ಲ. ಬೋಲ್ಟುಗೆ ಅದೇ ಭಯ. ಗಾಡಿಯ ಗೋಡೆಯಲ್ಲಿ ದಿನಾ ರಾತ್ರಿ ಕರ್... ಕರ್... ಅಂತ ಕೆರೆಯುವ ಸದ್ದು. ಇಲಿ ವೈರು ಕಡಿದು ಬೆಂಕಿ ಹತ್ತಿಕೊಂಡರೆ, ಹೊರಗಿನಿಂದ ಎಷ್ಟು ಬಾಯಿ ಬಡಿದುಕೊಂಡರೂ ಅವಳು ಏಳುವುದಿಲ್ಲ. ಅದಕ್ಕೇ ಕೆಲವು ದಿನದ ಹಿಂದೆ ಇಲಿ ಓಡಿಸುವ ಮಿಷನ್ ತಂದು ಪ್ಲಗ್ಗಿಗೆ ಸಿಕ್ಕಿಸಿದ್ದ. ಮನುಷ್ಯರ ಕಿವಿಗೆ ಕೇಳದ ಸದ್ದು ಮಾಡುತ್ತಂತೆ, ಇಲಿಗಳು ತಡೆಯಲಾರದೆ ಓಡುತ್ತವಂತೆ. ಅವನಿಗೂ ಏನೂ ಕೇಳಿಸಲಿಲ್ಲ. ದೊಡ್ಡಮ್ಮ ಮಾತ್ರ ಎರಡೂ ಕಿವಿ ಮುಚ್ಚಿಕೊಂಡಳು.

“ಆರಿಸೋ ಅದನ್ನ. ಕೂಗ್ತಿದೆ. ಅದು ಕೂಗ್ತಿದ್ರೆ ಅವರು ಬರಲ್ಲ.”

‘ಅವು’ ಅನ್ನುವುದು ಬಿಟ್ಟು ‘ಅವರು’ ಅಂತಾಳಲ್ಲ, ಇಲಿಗೂ ಮರ್ಯಾದೆ ಕೊಡ್ತಾಳಲ್ಲ ಅಂತ ಬೋಲ್ಟು ನಕ್ಕಿದ್ದ, ಮಿಷನ್ ಆರಿಸಿರಲಿಲ್ಲ. ಕೆರೆತವೂ ಅಂದೇ ನಿಂತಿತ್ತು.

ಈಗ ಬಾವಿ ದಾಟಿದನಲ್ಲ... ಟಕ್. ಟಕ್ ಟಕ್. ಯಾರೋ ಬೆರಳಿನ ಗೆಣ್ಣಿನಿಂದ ತಗಡಿನ ಬಾಗಿಲು ಬಡಿದ ಹಾಗೆ. ಟಾರ್ಚು ಬಿಟ್ಟು ನೋಡಿದ. ಬಾಗಿಲ ಮುಂದೆ ಯಾರೂ ಇಲ್ಲ. ಬಡಿತ ಮಾತ್ರ ನಿಲ್ಲಲಿಲ್ಲ. ಹೇಗೋ ಹೋಗಿ ಬಾಗಿಲು ತೆರೆದ. ಕತ್ತಲಲ್ಲಿ ದೊಡ್ಡಮ್ಮ ಬಾಗಿಲಿನ ಪಕ್ಕದ ಗೋಡೆಗೆ ಅಂಗೈ ಒತ್ತಿಕೊಂಡು ಕೂತಿದ್ದಳು. ಅಳುತ್ತಿದ್ದಳು.

“ಅವತ್ತಿಂದ ಹೊರಗೇ ನಿಂತಿದಾರೆ ಕಣೋ,” ಅಂದಳು ಪಿಸುದನಿಯಲ್ಲಿ. “ಚಳಿ ಬೇರೆ.”

ಆಗ ಬೋಲ್ಟುಗೆ ಹೊಳೆಯಿತು. ಗಂಡನ ಹೆಸರನ್ನು ಅವಳು ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ. ಯಾವಾಗಲೂ ‘ಅವರು’.

ಆರಿಸಿದರೆ ಬೆಂಕಿಯ ಭಯ. ಆರಿಸದಿದ್ದರೆ ಈ ಮುಖ ನೋಡಲಾಗದು. ಏನು ಮಾಡಲೂ ತೋಚದೆ ಅವನೂ ಅತ್ತುಬಿಟ್ಟ. ಕೊನೆಗೆ ಪ್ಲಗ್ಗು ಕಿತ್ತ. ಬಡಿತ ನಿಂತಿತು... ಯಾರೋ ಮೆಟ್ಟಿಲು ಹತ್ತಿದ ಹಾಗೆ ಗಾಡಿ ಒಂದು ಕಡೆಗೆ ವಾಲಿತು. ದೊಡ್ಡಮ್ಮ ಹೋಗಿ ಮಲಗಿ, ಗೋಡೆಯ ಕಡೆ ಸರಿದು ಜಾಗ ಬಿಟ್ಟಳು. ಮಂಚ ಕಿರ್ರ್... ಅಂತು.

ಬೆಳಿಗ್ಗೆ ವೈರು ನೋಡೋಣ ಅಂತ ಮಿಷನ್ನಿನ ಹಿಂದಿದ್ದ ಗೋಡೆಯ ಹಲಗೆ ಬಿಚ್ಚಿದ. ಇಲಿಗಳು ಎಲ್ಲಿಗೂ ಓಡಿರಲಿಲ್ಲ. ಅದರ ಬೆನ್ನಿಗೇ ಗೂಡು ಕಟ್ಟಿ ಮರಿ ಹಾಕಿಕೊಂಡು ಹಾಯಾಗಿದ್ದವು. ಹಾಗಾದರೆ ಅಷ್ಟು ದಿನ ಕೆರೆಯುತ್ತಿದ್ದದ್ದು ಇಲಿಗಳಲ್ಲ. ಗೂಡಿನ ತುಂಬ ಹಸಿರು ಉಣ್ಣೆ, ನಡುವೆ ಒಂದು ಕೆಂಪು ಗುಂಡಿ. ಹೊಂದುವ ಬಣ್ಣದ್ದು ಸಿಗದೆ ದೊಡ್ಡಪ್ಪನ ಹಸಿರು ಸ್ವೆಟರಿಗೆ ದೊಡ್ಡಮ್ಮ ಹೊಲಿದಿದ್ದ ಗುಂಡಿ ಅದು. ಆ ಸ್ವೆಟರು ತೊಡಿಸಿಯೇ ದೊಡ್ಡಪ್ಪನನ್ನು ಮಣ್ಣು ಮಾಡಿದ್ದು... ಕೊನೆಯ ಸಲ ಆ ಗುಂಡಿ ಹಾಕಿದ ಕೈ ಬೋಲ್ಟುದೇ.

ನಂಬಿದರೆ ನಂಬಿ. ಆ ಗುಂಡಿಯನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ತೂತುಗಳಲ್ಲಿ ಮಣ್ಣಿತ್ತು. ಹಸಿ ಮಣ್ಣು.